ಟೈರಿನ ಮೇಲಿನ ಕುಂಕುಮ

ಆ ಶನಿವಾರ ಬೆಳಗಿನ ಜಾವ ಬೂದಿಕೋಟೆಯ ಮೇಲೆ ಒಂದು ಹದ ಮಳೆ ಬಿದ್ದಿತ್ತು. ಠಾಣೆಯ ಮುಂದಿನ ಹೊಂಗೆ ಮರ ಇನ್ನೂ ತೊಟ್ಟಿಕ್ಕುತ್ತಿತ್ತು. ದೇವರೇ ನೆಲ ತೊಳೆದು ಹೋದ ಹಾಗಿತ್ತು. ಏಳೂವರೆಗೆ ಒಳಗೆ ನುಗ್ಗಿದ ಜನರ ಮುಖದಲ್ಲಿ ಮಾತ್ರ ಆ ತಂಪು ಇರಲಿಲ್ಲ.

"ನನ್ ಎಂಡ್ತೀನ ಕೊಂದವ್ನೆ ಅಮ್ಮಾ!" ಊರಿನ ಡೇರಿ ಅಧ್ಯಕ್ಷ ವೆಂಕಟೇಶಪ್ಪ ಮೇಜು ಗುದ್ದಿದ. "ಆ ಶ್ರೀಧರನ್ನ ನಮ್ ಕೈಗೆ ಕೊಡಿ. ನೀವೇನೂ ಬರಕೊಳ್ಳಾದು ಬ್ಯಾಡ."

"ಕೂತ್ಕೊಳ್ಳಿ," ಅಂದಳು ಇನ್ಸ್‌ಪೆಕ್ಟರ್ ತ್ರಿವೇಣಿ. "ನಡೆದದ್ದು ಹೇಳಿ."

ಬಂಗಾರಪೇಟೆಯ ರೈಲಿಗೆ ಹೆಂಗಸರನ್ನು ಕರೆದೊಯ್ಯುತ್ತಿದ್ದ ಶ್ರೀಧರನ ಏಳು ಸೀಟಿನ ಗಾಡಿಯ ಹಿಂದಿನ ಟೈರು ಸಿಡಿದು, ಗಾಡಿ ಹಳ್ಳಕ್ಕೆ ಮಗುಚಿತ್ತು. ವೆಂಕಟೇಶಪ್ಪನ ಹೆಂಡತಿ ಆದಿಲಕ್ಷ್ಮಮ್ಮ ಸ್ಥಳದಲ್ಲೇ ಸತ್ತಿದ್ದಳು. ಅತಿವೇಗ, ನಿರ್ಲಕ್ಷ್ಯ ಎಂದು ಎಫ್‌ಐಆರ್ ದಾಖಲಾಯಿತು. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಶ್ರೀಧರನನ್ನು ತ್ರಿವೇಣಿ ಸೆಲ್ಲಿನೊಳಗೆ ಕೂರಿಸಿದಳು. ಹೊರಗಿದ್ದರೆ ಅವನ ಜೀವ ಉಳಿಯುತ್ತಿರಲಿಲ್ಲ.

"ಎಷ್ಟು ಜನ ಇದ್ರಿ?"

"ನಾನೂ ಸೇರಿ ಏಳು ಮೇಡಂ."

"ಸ್ಪೀಡು?"

"ಮಳೆ ರೋಡಲ್ಲಿ ಎಲ್ಲಿ ಸ್ಪೀಡು? ಮುಂದ್ಗಡೆ ಸೀಟಲ್ಲಿ ಆದಿಲಕ್ಷ್ಮಮ್ಮತ್ತೆ ಕೂತಿದ್ರು. ಅವ್ರು ನನ್ನ ಎತ್ತಾಡ್ಸಿದೋರು."

ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ಶ್ರೀಧರನ ಮನೆಯ ಹೆಂಚಿಗೆ ಕಲ್ಲು ಬಿದ್ದಿತ್ತು. ಕೊಲೆಗಾರನ ಮನೆಯ ಹಾಲು ಬೇಡವೆಂದು ಅವನ ತಾಯಿ ಶ್ಯಾಮಲಳ ಹಾಲನ್ನು ಡೇರಿ ಮುಂದೆ ಚೆಲ್ಲಿ, ಠಾಣೆಯಿಂದ ಊರಿಗೆ ಮರಳಿದ ವೆಂಕಟೇಶಪ್ಪ ಕ್ಯಾನನ್ನೂ ಕಿತ್ತಿಟ್ಟುಕೊಂಡಿದ್ದ. ಆ ಮನೆಗೆ ಎರಡು ಹಸುಗಳೇ ಆಧಾರ.

ಒಂಬತ್ತು ಗಂಟೆಗೆ ಹಳ್ಳದ ಬಳಿ ಪಂಚನಾಮೆ ಶುರುವಾಯಿತು. ಸಿಡಿದ ಟೈರಿನ ಪಕ್ಕೆಯಲ್ಲಿ ಅಂಗೈಯಗಲದ ಕುಂಕುಮದ ಗುರುತು ಕೆಂಪಗೆ ಹೊಳೆಯುತ್ತಿತ್ತು. ಅದರ ಜೋಡಿ ಟೈರಿನ ಮೇಲೂ ಅದೇ. ತ್ರಿವೇಣಿಗೆ ಅರಿವಿಲ್ಲದೆಯೇ ಕೈ ಕಣ್ಣಿಗೊತ್ತಿಕೊಂಡಿತು. ಆಮೇಲೆ ಅವಳು ಬಾನೆಟ್ಟಿನ ಕಡೆ ನೋಡಿದಳು. ಶುಕ್ರವಾರದ ಪೂಜೆಯಲ್ಲಿ ಇಟ್ಟ ಕುಂಕುಮ ಮಳೆಗೆ ಪೂರ್ತಿ ತೊಳೆದುಹೋಗಿ, ನಸುಗೆಂಪು ನೀರಿನ ಜಾಡು ಮಾತ್ರ ಉಳಿದಿತ್ತು.

"ಮುನೀಂದ್ರ, ಟೈರು ಹಾಕಿಸಿದ್ದು ಯಾವಾಗಂತೆ?"

"ಓದ್ ತಿಂಗಳು ಮೇಡಂ. ಆಂಡರ್ಸನ್‌ಪೇಟೆ ಸೆಲ್ವರಾಜ್ ಅಂಗ್ಡೀಲಿ. ಕುಂಕುಮಾನೂ ಅವನೇ ಇಟ್ನಂತೆ. ದೇವರದ್ದು, ಅಳಿಸ್ಬ್ಯಾಡ ಅಂದ್ನಂತೆ."

"ತಿಂಗಳು ಕೆಸರಲ್ಲಿ ಉರುಳಿದ ಕುಂಕುಮ ಹೀಗಿರುತ್ತಾ? ಪೆಟ್ರೋಲ್ ತಾ, ಬಟ್ಟೆ ತಾ."

ಕಾನ್‌ಸ್ಟೇಬಲ್ ಮುನೀಂದ್ರ ಹಿಂದೆ ಸರಿದ. "ಶನಿವಾರ ಬೇರೆ ಮೇಡಂ. ನಾನ್ ಮುಟ್ಟಲ್ಲ."

ತ್ರಿವೇಣಿ ಕೈ ಮುಗಿದಳು. "ದೇವರಿದ್ದರೆ ಬಣ್ಣದ ಕೆಳಗೂ ಇರ್ತಾನೆ ಕಣಯ್ಯಾ," ಎಂದು ತಾನೇ ಉಜ್ಜಿದಳು. ಅದು ಎಣ್ಣೆ ಬಣ್ಣ. ಕೆಳಗೆ, ಅಳತೆಯ ಸಾಲಿನ ಕೊನೆಯಲ್ಲಿ, 84 ಎಂಬ ಅಂಕಿ ಎದ್ದು ಬಂತು. ಡ್ರೈವರ್ ಬಾಗಿಲ ಪಕ್ಕದಲ್ಲಿ ಕಂಪನಿ ಅಂಟಿಸಿದ್ದ ಚೀಟಿಯಲ್ಲಿ ಅದೇ ಜಾಗದಲ್ಲಿ 94 ಇತ್ತು.

ಮೋಟಾರು ವಾಹನ ನಿರೀಕ್ಷಕರು ಬಂದು ನೋಡಿದರು. "ಇದು ಟೈರು ಎಷ್ಟು ತೂಕ ಹೊರಬಲ್ಲುದು ಅನ್ನೋ ಸಂಕೇತ. 94 ಅಂದ್ರೆ ಒಂದು ಟೈರಿಗೆ ಆರುನೂರ ಎಪ್ಪತ್ತು ಕೆಜಿ. 84 ಅಂದ್ರೆ ಐನೂರೇ. ಏಳು ಜನ ಕೂತರೆ ಹಿಂದಿನ ಎರಡರ ಮೇಲೇ ಸಾವಿರದ ಇನ್ನೂರು ಕೆಜಿ ಬೀಳುತ್ತೆ. ಭಾರಕ್ಕೆ ದಿನಾ ಬಿಸಿಯಾಗಿ ಬಿಸಿಯಾಗಿ ಒಳಗಿನ ನೂಲು ಬಿಟ್ಟಿದೆ. ರಿಮ್ಮಿಗೆ ಕೂತ ಮಾತ್ರಕ್ಕೆ ಗಾಡಿಗೆ ಆಗಿಬರಲ್ಲ ಮೇಡಂ."

ಮಧ್ಯಾಹ್ನ ಆಂಡರ್ಸನ್‌ಪೇಟೆಯಲ್ಲಿ ಸೆಲ್ವರಾಜ್ ಎದ್ದು ನಿಲ್ಲಲೂ ಇಲ್ಲ.

"ಆ ಅಳ್ಳಿ ಜನ ಎಮ್ಮೆ ತುಂಬ್ದಂಗೆ ತುಂಬ್ತಾರೆ. ಟೈರು ಏನ್ ಮಾಡುತ್ತೆ?"

"ಏಳು ಸೀಟು, ಏಳು ಜನ. ನಂಬರ್ ನೋಡಿ ಕೊಟ್ಟೆಯಾ?"

"ರಿಮ್ಮಿಗೆ ಕೂತ್ಕಂತು, ಕೊಟ್ಟೆ. ಪೂಜೆ ಮಾಡಿದ್ದೂ ತಪ್ಪಾ? ಪೊಲೀಸ್ನೋರಿಗೆ ಸಾಮಿ ಬ್ಯಾಡ್ವಾ?"

ಅಂಗಡಿ ಮುಂದೆ ಆಗಷ್ಟೇ ಟೈರು ಹಾಕಿಸಿಕೊಂಡ ಮೂರು ಗಾಡಿಗಳು ನಿಂತಿದ್ದವು. ಮೂರಕ್ಕೂ ಬಾನೆಟ್ ಮೇಲೆ ಪುಡಿ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಟೈರಿನ ಪಕ್ಕೆ ಬರಿದಾಗಿತ್ತು.

"ಇವರ ಟೈರಿಗೆ ಸಾಮಿ ಬೇಡ್ವೇನೋ?" ಅಂದಳು ತ್ರಿವೇಣಿ.

ಮುರುಗನ ಪಟದ ಹಿಂದಿನಿಂದ ಮುನೀಂದ್ರ ಕೆಂಪು ಬಣ್ಣದ ಡಬ್ಬಿಯನ್ನು, ಕುಂಚವನ್ನು ಎತ್ತಿದ. ಪಂಚರ ಎದುರಲ್ಲೇ ಜಪ್ತಿಯಾಯಿತು.

"84 ಅಂತ ಗೊತ್ತಿತ್ತಾ?"

"...ಗೊತ್ತಿತ್ತು."

"ಮತ್ಯಾಕೆ ಹಾಕಿದೆ?"

ಸೆಲ್ವರಾಜ್ ಈಗ ಎದ್ದು ನಿಂತ. "ಆ ಶ್ರೀಧರ ಕೇಳಿದ ಟೈರು ನನ್ನತ್ರ ಇರ್ಲಿಲ್ಲ ಮೇಡಂ. ಚಿನ್ನದ್ ಗಣಿ ಮುಚ್ಚಿದ್ಮೇಲೆ ನಂದಿದುರ್ಗದ ಕೂಲಿ ಲೈನಿಂದ ಬಂದು ನಮ್ಮಪ್ಪ ಇಟ್ಟ ಅಂಗಡಿ ಇದು. ಇಲ್ಲ ಅಂತ ಏಳಿದ್ರೆ ಗಿರಾಕಿ ಬಂಗಾರಪೇಟೆಗೆ ಓಗ್ತಾನೆ. ಓದೋನು ಒಬ್ನೂ ತಿರ್ಗಿ ಬಂದಿಲ್ಲ. ಆವತ್ತು ಆ ಒಂದು ಮಾತು ಬಾಯಿಗೆ ಬರ್ಲಿಲ್ಲ."

ಸಂಜೆ ನಾಲ್ಕಕ್ಕೆ ಅವನ ಬಂಧನವಾಯಿತು. ಶ್ರೀಧರನ ಮೇಲಿದ್ದ ಆರೋಪ ಕೈಬಿಡಲು ತ್ರಿವೇಣಿ ನ್ಯಾಯಾಲಯಕ್ಕೆ ವರದಿ ಬರೆದಳು. "ಇಲ್ಲ" ಅನ್ನುವ ಎರಡಕ್ಷರದ ಭಯ ಒಬ್ಬಳ ಜೀವ ತಿಂದಿತಲ್ಲ ಎಂದು ಅವಳ ಮನಸ್ಸು ಅಲ್ಲೇ ಸುತ್ತುತ್ತಿತ್ತು.

ವೆಂಕಟೇಶಪ್ಪನಿಗೆ ವಿಷಯ ತಿಳಿಸಿದಾಗ ಅವನು ಜಗಲಿಯಿಂದ ಏಳಲಿಲ್ಲ. "ಅಂಗಾದ್ರೆ ನಾನು ಕಲ್ಲೊಡ್ಸಿದ್ದು ಯಾರ್ ಮನೇಗಮ್ಮಾ?" ಎಂದಷ್ಟೇ ಕೇಳಿದ.

ಮೂರನೆಯ ದಿನ, ಸತ್ತವಳ ಹಾಲು-ತುಪ್ಪದ ಬೆಳಗ್ಗೆ, ತ್ರಿವೇಣಿ ಬಿಡುಗಡೆಯಾಗಿ ಮನೆ ಸೇರಿದ್ದ ಶ್ರೀಧರನ ಹೇಳಿಕೆ ಬರೆದುಕೊಳ್ಳಲು ಊರಿಗೆ ಬಂದಳು. ಶ್ಯಾಮಲ ಹಸುವಿನ ಬಳಿ ಕೂತು ಹಾಲು ಕರೆಯುತ್ತಿದ್ದಳು. ವೆಂಕಟೇಶಪ್ಪ ಒಬ್ಬನೇ ಅಂಗಳಕ್ಕೆ ಬಂದ. ಒಂದು ಕೈಯಲ್ಲಿ ಹೆಂಡತಿಯ ಸಮಾಧಿಯ ಗುಡ್ಡೆಗೆ ಎರೆಯುವ ಹಾಲಿಗೆಂದು ತಂದ ಬರಿಯ ಚೊಂಬು, ಇನ್ನೊಂದರಲ್ಲಿ ತೊಳೆದು ಬೆಳಗಿದ ಅವಳ ಕ್ಯಾನು. ತಲೆ ಎತ್ತದೆ ಕ್ಯಾನನ್ನು ಅವಳ ಕೈಗೆ ಕೊಟ್ಟು, ಚೊಂಬು ಹಿಡಿದು ಅಲ್ಲೇ ನಿಂತ.