ತಲೆಕೆಳಗಾದ ಎಪ್ಪತ್ತೆಂಟು ಚಿತ್ರಗಳು

ಕೊಟ್ಟುಬಿಡಲೇ, ಇಲ್ಲ ವಾಪಸ್ ತೆಗೆದುಕೊಂಡು ಹೋಗಲೇ?

ಐದು ತಿಂಗಳು ಕೂತು ಬರೆದ ಚಿತ್ರಗಳು. ಆದರೆ ಚೆನ್ನಾಗಿವೆಯೋ ಇಲ್ಲವೋ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಚೆನ್ನಾಗಿದ್ದರೆ ಖುಷಿಯಾಗಬೇಕಿತ್ತು. ಇಲ್ಲದಿದ್ದರೆ ನಾಚಿಕೆಯಾದರೂ ಆಗಬೇಕಿತ್ತು. ಎರಡೂ ಇಲ್ಲ... ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ತುಟಿಯ ಹಾಗೆ ಮನಸ್ಸು ಇತ್ತು, ಆದರೆ ಮುಟ್ಟಿದರೆ ತನ್ನದಲ್ಲ.

ಮೇಜಿನ ಆಚೆ ಕೂತವನು ಒಂದೊಂದೇ ಹಾಳೆ ಸರಿಸುತ್ತಿದ್ದ. ಪುಸ್ತಕಗಳ ಪುಟ ಜೋಡಿಸುವುದು ಅವನ ಕೆಲಸ. ಶರ್ಟಿನ ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು ಇರುತ್ತಿದ್ದುದರಿಂದ ಆ ಕಟ್ಟಡದವರೆಲ್ಲ ಅವನನ್ನು ಅಳತೆ ಮಾಸ್ತರು ಎನ್ನುತ್ತಿದ್ದರು. ಕೆಳಗಿನ ಬೈಂಡಿಂಗ್ ಅಂಗಡಿಯವನು ಅವಳಿಗೆ ಮೆಟ್ಟಿಲು ತೋರಿಸುವಾಗಲೇ ಎಚ್ಚರಿಸಿದ್ದ: ಮಾಸ್ತರು ಮಾತನ್ನೂ ಅಳೆದೇ ಕೊಡೋದು, ನಾಲ್ಕು ಕೇಳಿದರೆ ಒಂದಕ್ಕೆ ಉತ್ತರ ಸಿಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಎಪ್ಪತ್ತೆಂಟೂ ಮುಗಿದ ಮೇಲೆ ಅವನು ಹಾಳೆಗಳ ಅಂಚು ಸರಿಮಾಡಿ ಇಟ್ಟ.

"ಇಷ್ಟು ಜನರಲ್ಲಿ ಒಬ್ಬರೂ ಈ ಕಡೆ ತಿರುಗಿಲ್ಲ," ಅಂದ.

ಅವಳು ಮೇಲಿನ ಹಾಳೆ ನೋಡಿದಳು. ರಾಣಿ, ಬೆನ್ನು. ಅದರ ಕೆಳಗೆ ಸನ್ಯಾಸಿ, ಬೆನ್ನು. ಪ್ರೇಮಿಗಳಿಬ್ಬರು, ಎರಡು ಬೆನ್ನು. ಬರೆದವಳು ತಾನೇ. ತನಗೇ ಗೊತ್ತಿರಲಿಲ್ಲ.

"ತಿರುಗಿಸಬೇಕಾ?"

"ಬೇಡ. ಕಂಡಿತು, ಹೇಳಿದೆ."

ಎದೆಯಲ್ಲಿ ಏನೋ ಒಂದು ಕ್ಷಣ ಅಲುಗಿತು. ಆಮೇಲೆ ಅದೂ ನಿಂತಿತು.

ಪುಸ್ತಕ ಅವಳದಲ್ಲ, ಚಿಕ್ಕಮ್ಮನದು. ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತಳಾದ ಚಿಕ್ಕಮ್ಮನಿಗೆ ಚಿಕ್ಕ ವಯಸ್ಸಿನಿಂದ ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳ ಹುಚ್ಚು. ಮೂವತ್ತು ವರ್ಷದ ಹಿಂದೆ ಆ ಕಾರ್ಡುಗಳ ಅರ್ಥ ಹೇಳುವ ಪುಸ್ತಕವೊಂದನ್ನು ತಾನೇ ಅಚ್ಚು ಹಾಕಿಸಿದ್ದಳು. ಕಾರ್ಡು ನೆಟ್ಟಗೆ ಬಿದ್ದರೆ ಒಂದು ಅರ್ಥ, ತಲೆಕೆಳಗಾಗಿ ಬಿದ್ದರೆ ಇನ್ನೊಂದು. ಆ ತಲೆಕೆಳಗಿನ ಪುಟಗಳಲ್ಲಿ ಬರೀ ರೋಗ, ಅಗಲಿಕೆ, ನಾಶ. ಅದನ್ನು ನಂಬಿ ಆಫೀಸಿನ ಗೆಳತಿಯೊಬ್ಬಳು, ಮಗಳಿರುವ ಊರಿಗೇ ಸಿಕ್ಕಿದ್ದ ವರ್ಗಾವಣೆಯನ್ನು ಹೆದರಿ ಬಿಟ್ಟುಕೊಟ್ಟಿದ್ದಳು.

"ಜನರನ್ನ ಹೆದರಿಸೋದೇ ಬುದ್ಧಿವಂತಿಕೆ ಅಂದ್ಕೊಂಡಿದ್ದೆ ಪುಟ್ಟಿ," ಎಂದಿದ್ದಳು ಚಿಕ್ಕಮ್ಮ. "ತಲೆಕೆಳಗಾಗಿ ಬಿದ್ದಿದ್ದು ಕೆಟ್ಟದ್ದಲ್ಲ, ಸ್ವಲ್ಪ ತಡ ಆಗುತ್ತೆ, ಅಷ್ಟೇ. ಅದನ್ನ ಬರೆದು ಸಾಯ್ತೀನಿ."

ಬರೆದಳು. ಎಪ್ಪತ್ತೆಂಟು ತಲೆಕೆಳಗಿನ ಕಾರ್ಡುಗಳಿಗೂ ಹೊಸ ಮಾತು. ಮೂರು ಪ್ರಕಾಶಕರು ಬೇಡವೆಂದರು. ಆಗ ಪುಟ್ಟಿ, ವೈದ್ಯಕೀಯ ಪಠ್ಯಪುಸ್ತಕಗಳಿಗೆ ಮೂಳೆ, ನರ, ಕರುಳುಗಳ ಚಿತ್ರ ಬರೆದು ಬದುಕುತ್ತಿದ್ದವಳು, ತಾನೇ ಚಿತ್ರ ಬರೆದು ತಾನೇ ಪ್ರಕಟಿಸುತ್ತೇನೆ ಎಂದಳು. ಪ್ರೀತಿಯಿಂದ ಅಂದಳೋ, ಬೇರೆ ಏನೂ ಮಾಡಲು ತೋಚದೆ ಅಂದಳೋ, ಅವಳಿಗೇ ತಿಳಿಯದು. ಒಂಬತ್ತು ವರ್ಷದ ಸಂಸಾರ ಮುಗಿದು ಎರಡು ವರ್ಷವಾಗಿತ್ತು. ಗಂಡ ಬೈಯಲಿಲ್ಲ, ಹೊಡೆಯಲಿಲ್ಲ. ಸಾಕಾಯಿತು ಎಂದ. ಅವಳು ಅಳಲೂ ಇಲ್ಲ.

ಒಂದೇ ಒಂದು ಅವಸರವಿತ್ತು. ಚಿಕ್ಕಮ್ಮನ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಆಪರೇಷನ್ ದಿನ ಗೊತ್ತಾಗಿತ್ತು. ಉಳಿಯಬಹುದು, ಉಳಿಯದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಪುಸ್ತಕವನ್ನು ಕಣ್ಣಾರೆ ನೋಡಬೇಕು ಎಂಬುದೇ ಚಿಕ್ಕಮ್ಮನ ಆಸೆ.

ಮೂರು ತಿಂಗಳು, ವಾರಕ್ಕೆ ಮೂರು ಮಧ್ಯಾಹ್ನ, ಅವಳು ಆ ಮೆಟ್ಟಿಲು ಹತ್ತಿದಳು. ಎಡಪುಟದಲ್ಲಿ ನೆಟ್ಟಗಿನ ಕಾರ್ಡು, ಬಲಪುಟದಲ್ಲಿ ಅದೇ ಕಾರ್ಡು ತಲೆಕೆಳಗೆ. ಅವನು ಪರದೆಯ ಮೇಲೆ ಚಿತ್ರವನ್ನು ಕೂದಲೆಳೆಯಷ್ಟು ಸರಿಸಿ ಅವಳ ಕಡೆ ನೋಡುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಕೆಲವು ಮಧ್ಯಾಹ್ನ ಇಬ್ಬರ ನಡುವೆ ಹತ್ತು ಮಾತೂ ಆಗುತ್ತಿರಲಿಲ್ಲ. ಯಾಕೆ ಸುಮ್ಮನಿದ್ದೀ ಎಂದು ಕೇಳದ ಜಾಗ ಅದೊಂದೇ ಅನ್ನಿಸುತ್ತಿತ್ತು ಅವಳಿಗೆ.

ಚಿಕ್ಕಮ್ಮ ಮಾತ್ರ ಬಿಡುತ್ತಿರಲಿಲ್ಲ. ಪುಟ ಜೋಡಿಸೋಕೆ ಮೂರು ತಿಂಗಳಾ, ಅವನೇನು ಇಟ್ಟಿಗೆ ಇಟ್ಟು ಕಟ್ಟುತ್ತಿದ್ದಾನಾ ಎಂದು ಕೆಣಕುತ್ತಿದ್ದಳು. ಇದು ನಗುವ ಜಾಗ ಎಂದು ನೆನಪು ಮಾಡಿಕೊಂಡು ಪುಟ್ಟಿ ನಗುತ್ತಿದ್ದಳು.

ಅವನಿಗೂ ಒಂದು ಯೋಚನೆಯಿತ್ತು. ಪುಸ್ತಕ ಮುಗಿದರೆ ಇವಳು ಬರುವುದಿಲ್ಲ... ಆದರೂ ಒಂದು ದಿನವೂ ಕೆಲಸ ತಡ ಮಾಡಲಿಲ್ಲ. ಪುಟಗಳು ಸಮಯಕ್ಕೆ ಸರಿಯಾಗಿ ಮುದ್ರಣಾಲಯಕ್ಕೆ ಹೋದವು.

ಆಪರೇಷನ್‌ಗೆ ಐದು ದಿನ ಇರುವಾಗ, ಬುಧವಾರ, ಮುನ್ನೂರು ಪ್ರತಿಗಳು ಅವನ ಕೋಣೆಗೆ ಬಂದಿಳಿದವು. ಅವಳು ಮೊದಲ ಕಟ್ಟು ಬಿಚ್ಚಿ ನಡುವಿನ ಪುಟ ತೆರೆದಳು.

ನೇತಾಡುವವನ ಕಾರ್ಡು. ಅವನು ಒಂದು ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆ ಕೆಳಗೆ ಮಾಡಿ ತೂಗಾಡುವ ಮನುಷ್ಯ. ಆದರೆ ಇಲ್ಲಿ ಎರಡೂ ಪುಟಗಳಲ್ಲಿ ಅವನು ನೆಟ್ಟಗೆ ನಿಂತಿದ್ದ, ಬಸ್ಸಿಗೆ ಕಾಯುವವನ ಹಾಗೆ.

ಅವಳು ಪುಟ ತಿರುವಿದಳು. ಇನ್ನೊಂದು ತಿರುವಿದಳು. ತಲೆಕೆಳಗಿರಬೇಕಾದ ಒಂದು ಚಿತ್ರವೂ ತಲೆಕೆಳಗಿರಲಿಲ್ಲ. ಚಿಕ್ಕಮ್ಮ ಒಂಟಿ ಕಣ್ಣಿನಲ್ಲಿ ಬರೆದ ಹೊಸ ಮಾತುಗಳ ಮೇಲೆಲ್ಲ ಸುಮ್ಮನೆ ನೆಟ್ಟಗಿನ ಚಿತ್ರ.

ಅವನು ಮುದ್ರಣಾಲಯಕ್ಕೆ ಫೋನ್ ಮಾಡಿದ. ಅಲ್ಲಿ ಅಚ್ಚಿನ ಪ್ಲೇಟು ತಯಾರಿಸುವವನು ಒಳ್ಳೆಯವನು. ಇಷ್ಟೊಂದು ಚಿತ್ರ ತಲೆಕೆಳಗಾಗಿ ಬಂದಿವೆಯಲ್ಲ, ಪಾಪ, ಯಾರೋ ಗಡಿಬಿಡಿಯಲ್ಲಿ ಮಾಡಿದ್ದಾರೆ ಎಂದುಕೊಂಡು, ಇಡೀ ದಿನ ಕೂತು ಒಂದೊಂದನ್ನೂ ನೆಟ್ಟಗೆ ಮಾಡಿದ್ದ. ನೇತಾಡುವವನನ್ನೂ ಬಿಟ್ಟಿರಲಿಲ್ಲ. ಆ ಕಡೆಯವರು ಇನ್ನೂ ಏನೋ ಹೇಳಿದರು. ಅವನು ಕೇಳಿಸಿಕೊಂಡ, ಒಮ್ಮೆ ಅವಳನ್ನು ನೋಡಿದ, ಫೋನ್ ಇಟ್ಟ.

"ತಪ್ಪು ನನ್ನದು," ಅಂದ.

ಅವಳ ಕಿವಿ ಬಿಸಿಯಾಗಿತ್ತು. ಇದೇನು? ಕೋಪವಾ? ಎರಡು ವರ್ಷದ ಮೇಲೆ ಬಂದದ್ದು ಇದೇನಾ?

"ಸ್ಕೇಲು ಹಿಡಿದು ಕೂದಲು ಅಳೀತೀರಿ. ಎಪ್ಪತ್ತೆಂಟು ಚಿತ್ರ ತಿರುಗಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ವಾ? ನಮ್ಮ ಚಿಕ್ಕಮ್ಮನಿಗೆ ಇರೋದು ಐದು ದಿನ. ನಿಮ್ಮನ್ನ ನಂಬಬಾರದಿತ್ತು."

ಅವಳು ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಇಳಿದು ಹೋದಳು. ಬೀದಿಯ ತಿರುವು ದಾಟುವಷ್ಟರಲ್ಲಿ ಆ ಕೋಪವೂ ಆರಿತ್ತು. ಕಾಲುಗಳು ಮಾತ್ರ ನಡೆಯುತ್ತಿದ್ದವು.

ವಿಷಯ ತಿಳಿದ ಚಿಕ್ಕಮ್ಮ, ಓದುವವರು ಪುಸ್ತಕವನ್ನೇ ತಿರುಗಿಸಿಕೊಂಡರಾಯಿತು ಬಿಡು, ಅಕ್ಷರ ತಲೆಕೆಳಗಾಗುತ್ತೆ ಅಷ್ಟೇ ಎಂದಳು. ಹಾಗೆಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಗುರುವಾರ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಒಪ್ಪಿಗೆ ಕಾಗದ ಕೊಟ್ಟರು. ಅವಳು ಪೆನ್ನು ತೆಗೆದು, ಗೆರೆ ಕಂಡಲ್ಲಿ ಸಹಿ ಮಾಡಿ, ವಾಪಸ್ ಕೊಟ್ಟಳು. ನರ್ಸು ಕಾಗದ ನೋಡಿ ಅವಳನ್ನು ನೋಡಿದಳು.

"ಅಕ್ಕಾ, ಇದು ಡಾಕ್ಟರ್ ಸಹಿ ಮಾಡೋ ಜಾಗ. ಓದಿ ಹಾಕಿ. ಗೆರೆ ಕಂಡಲ್ಲೆಲ್ಲ ಹಾಕಿಬಿಡೋದಾ?"

ಹೊಸ ಕಾಗದ ಕೊಟ್ಟಳು. ಅವಳು ಪೆನ್ನು ಹಿಡಿದೇ ನಿಂತಳು.

ಗೆರೆ ಕಂಡಲ್ಲೆಲ್ಲ... ಗಂಡ ಕಳಿಸಿದ ವಿಚ್ಛೇದನದ ಕಾಗದಕ್ಕೂ ಹಾಗೆಯೇ ಹಾಕಿದ್ದಳು. ಆಮೇಲೆ? ಮೂರು ವಾರದ ಹಿಂದೆ ಕಂದು ಬಣ್ಣದ ಒಂದು ದೊಡ್ಡ ಕವರು ಮನೆಗೆ ಬಂದಿತ್ತು. ತಂದವನು ಬೈಕು ಆಫ್ ಮಾಡದೆ ಕಾಯುತ್ತಿದ್ದ. ಒಳಗೆ ನಲ್ಲಿ ತೆರೆದೇ ಇತ್ತು, ಬಕೆಟ್ ತುಂಬಿ ಹರಿಯುತ್ತಿತ್ತು. ಪ್ಲೇಟು ಸಿದ್ಧವಾದ ಮೇಲೆ, ಅಚ್ಚಿಗೆ ಮುಂಚೆ ನೋಡಿ ಒಪ್ಪಬೇಕಾದ ಪ್ರೂಫ್ ಹಾಳೆಗಳು. ಮುದ್ರಣಾಲಯದವರ ಪದ್ಧತಿ ಅದು, ಪುಸ್ತಕದ ಪ್ರಕಾಶಕರು ಯಾರೋ ಅವರ ಸಹಿಯೇ ಬೇಕು. ಅವಳು ಕೊನೆಯ ಹಾಳೆಯಲ್ಲಿ 'ಸರಿ ಇದೆ' ಎಂದು ಬರೆದು, ಸಹಿ ಹಾಕಿ, ಕವರು ವಾಪಸ್ ಕೊಟ್ಟಿದ್ದಳು.

ಒಂದು ಹಾಳೆಯನ್ನೂ ತಿರುವಿ ನೋಡಿರಲಿಲ್ಲ.

ಆ ಕಡೆಯವರು ಫೋನಿನಲ್ಲಿ ಅವನಿಗೆ ಇನ್ನೇನು ಹೇಳಿರಬಹುದು? ಅವನು ತನ್ನ ಕಡೆ ನೋಡಿದ್ದು ಯಾಕೆ?

ಅವಳು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದಿ ಸಹಿ ಮಾಡಿದಳು.

ಶುಕ್ರವಾರ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತಿದಾಗ ಅವನ ಮೇಜು ಗುರುತು ಸಿಗದಂತಿತ್ತು. ಚಿತ್ರಗಳನ್ನೆಲ್ಲ ಹೊಸದಾಗಿ ಪ್ರಿಂಟ್ ತೆಗೆದು, ಸ್ಕೇಲಿಟ್ಟು ಕತ್ತರಿಸಿ, ಪುಸ್ತಕದ ಒಂದು ಪ್ರತಿಯಲ್ಲಿ ಒಂದೊಂದನ್ನೇ ತಲೆಕೆಳಗು ಮಾಡಿ ಅಂಟಿಸುತ್ತಿದ್ದ. ಬೆರಳುಗಳ ಮೇಲೆ ಗೋಂದು ಒಣಗಿ ಬಿಳಿ ಪೊರೆ ಕಟ್ಟಿತ್ತು. ಹತ್ತೊಂಬತ್ತು ಮುಗಿದಿದ್ದವು.

ಉಳಿದ ಪ್ರತಿಗಳಿಗೆ ಹೊಸ ಪುಟ ಅಚ್ಚಾಗಲು ತಿಂಗಳು ಬೇಕು, ಚಿಕ್ಕಮ್ಮನವರ ಪ್ರತಿ ಮಾತ್ರ ಭಾನುವಾರಕ್ಕೆ ಸಿಗುತ್ತದೆ ಎಂದ. ಅವಳನ್ನು ಕಂಡು ಆಶ್ಚರ್ಯವೇನೂ ಪಡಲಿಲ್ಲ, ಬ್ರಷ್ಷು ಕೊಟ್ಟ. ಅವಳು ಕೂತಳು. ಅವನು ಕತ್ತರಿಸಿದ, ಅವಳು ಗೋಂದು ಹಚ್ಚಿದಳು. ಅವನು ಇಟ್ಟ, ಅವಳು ಅಂಗೈಯಿಂದ ಒತ್ತಿ ಹಿಡಿದಳು. ಹೇಳಬೇಕೆಂದು ಬಂದ ಮಾತನ್ನು ಅವಳು ಇನ್ನೂ ಹೇಳಿರಲಿಲ್ಲ. ಬೆನ್ನು ತಿರುಗಿಸಿ ನಿಂತ ಒಬ್ಬೊಬ್ಬರೂ ತಲೆಕೆಳಗಾಗುತ್ತ ಹೋದರು.

ನಲವತ್ತನೆಯ ಚಿತ್ರದ ಹೊತ್ತಿಗೆ ಅವಳ ಕೈ ನಿಂತಿತು.

"ನನಗೆ ಹಸಿವಾಗ್ತಿದೆ," ಅಂದಳು.

ಹೇಳಿದ ಮೇಲೆ ಅವಳಿಗೇ ವಿಚಿತ್ರವೆನಿಸಿತು. ಎರಡು ವರ್ಷದಿಂದ ಹೊತ್ತು ನೋಡಿ ಉಂಡಿದ್ದಳು, ಹಸಿದು ಉಂಡಿರಲಿಲ್ಲ. ಅದು ಅವನಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ಅವನು ಕತ್ತರಿ ಕೆಳಗಿಟ್ಟು, ಬಹಳ ಮುಖ್ಯವಾದದ್ದೇನೋ ಕೇಳಿದವನ ಹಾಗೆ ಎದ್ದು ಹೋಗಿ, ಬ್ರೆಡ್ಡು ಮತ್ತು ನಾಲ್ಕು ಬಾಳೆಹಣ್ಣು ತಂದ. ಮೂರನ್ನು ಅವಳೇ ತಿಂದಳು.

ಭಾನುವಾರ ಮಧ್ಯಾಹ್ನ ಇಬ್ಬರೂ ಚಿಕ್ಕಮ್ಮನ ಮನೆಗೆ ಹೋದರು. ಚಿಕ್ಕಮ್ಮ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಭೂತಗನ್ನಡಿ ಹಿಡಿದು, ಮೊದಲಿನಿಂದ ಒಂದೊಂದೇ ಪುಟ ನೋಡಿದಳು. ಅಂಟಿಸಿದ ಚಿತ್ರಗಳ ಅಂಚನ್ನು ಬೆರಳಿನಿಂದ ಸವರಿದಳು. ಎರಡು ಗಂಟೆ ಹಿಡಿಯಿತು. ಕೊನೆಯ ಪುಟದಲ್ಲಿ ಭೂತಗನ್ನಡಿ ಕೆಳಗಿಟ್ಟಳು.

"ಎಲ್ಲರೂ ನನ್ನ ಮೇಲೆ ಮುನಿಸಿಕೊಂಡ ಹಾಗೆ ನಿಂತಿದ್ದಾರಲ್ಲೇ," ಅಂದಳು. ಕೆನ್ನೆ ಒದ್ದೆಯಾಗಿತ್ತು. "ಇರಲಿ. ಚೆನ್ನಾಗಿದೆ. ನೋಡಿದೆ, ಸಾಕು. ಅಂದಹಾಗೆ ಈ ಎಡವಟ್ಟು ಮಾಡಿದ ಮಹಾಶಯ ಯಾರು?"

"ನಾನು," ಅಂದ ಅವನು, ಪುಟ್ಟಿ ಉಸಿರು ತೆಗೆದುಕೊಳ್ಳುವ ಮೊದಲೇ.

ಚಿಕ್ಕಮ್ಮ ಒಂಟಿ ಕಣ್ಣಿನಲ್ಲಿ ಅವನನ್ನು ಅಳೆದಳು. ನಿನ್ನ ಮುಖ ನೋಡಿದರೆ ಹಾಗನ್ನಿಸುವುದಿಲ್ಲ ಎಂದು ಹೇಳಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು.

ಅವನನ್ನು ಬೀಳ್ಕೊಡಲು ಪುಟ್ಟಿ ಬೀದಿಯವರೆಗೆ ಬಂದಳು. ಬಿಸಿಲು ಇಳಿಯುತ್ತಿತ್ತು. ಎದುರು ಮನೆಯವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಪ್ರೂಫು ನನ್ನ ಮನೆಗೆ ಬಂದಿತ್ತು, ಅಲ್ವಾ?"

ಅವನು ಚಪ್ಪಲಿಯೊಳಗಿನ ಕಲ್ಲನ್ನು ಕೊಡವಿದ.

"ನಾಳೆ ಎಷ್ಟು ಹೊತ್ತಿಗೆ ಆಪರೇಷನ್ನು?"

"ಹತ್ತಕ್ಕೆ. ನಾನು ಕೇಳಿದ್ದಕ್ಕೆ ಉತ್ತರ ಕೊಡಿ."

"ಒಂಬತ್ತಕ್ಕೇ ಬಂದಿರ್ತೀನಿ. ಹೊರಗಡೆ ಬೆಂಚಿನ ಮೇಲೆ ಕೂತಿರ್ತೀನಿ."

ಅವಳು ಅವನನ್ನೇ ನೋಡಿದಳು. ಅಳು ಬರಲಿಲ್ಲ, ಆದರೆ ಎಲ್ಲಿಂದ ಬರಬಹುದು ಎಂದು ಗೊತ್ತಾಯಿತು.

"ಪುಸ್ತಕ ಮುಗೀತು," ಅಂದಳು. "ಇನ್ನು ಯಾವ ನೆಪ ಹೇಳಿ ನಿಮ್ಮ ಕೋಣೆಗೆ ಬರಬೇಕೋ ಗೊತ್ತಿಲ್ಲ. ಆದರೆ ಬರದೇ ಇರೋಕೆ ಮನಸ್ಸಿಲ್ಲ. ಇದಕ್ಕೆ ಏನಂತಾರೋ... ನನಗೆ ಮರೆತುಹೋಗಿದೆ."

"ನೆನಪಾದಾಗ ಹೇಳಿ."

"ತಡ ಆಗಬಹುದು."

"ಆಗಲಿ."

ಅವಳು ಅವನ ಕೈ ಹಿಡಿದಳು. ಬೆರಳಿನ ಮೇಲೆ ಗೋಂದಿನ ಪೊರೆ ಇನ್ನೂ ಉಳಿದಿತ್ತು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಮುಂದೆ ಆ ಪುಸ್ತಕದ ಮಾತು ಅವರ ನಡುವೆ ಎಷ್ಟೋ ಸಲ ಬಂತು. ಪ್ರೂಫಿನ ಮೇಲಿದ್ದ ಸಹಿ ಅವಳದೆಂದು ಅವನು ಒಮ್ಮೆಯೂ ಹೇಳಲಿಲ್ಲ.