ಭಾನುವಾರ ಸಂಜೆಯ ಕಪ್ಪು ಸ್ಕ್ರೀನ್

"ಏಳು, ಸೊನ್ನೆ, ನಾಲ್ಕು... ಆಮೇಲೆ? ಬೇಗ ಹೇಳೇ, ಕಟ್ ಆಗ್ಬಿಡುತ್ತೆ!"

ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ನಂಬರು ಒತ್ತುತ್ತಿದ್ದಳು.

"ಒಂಬತ್ತು, ಒಂಬತ್ತು, ಎರಡು," ಅಂತ ಬುಗುರಿ ಓದಿದಳು. ಅವಳ ಮೂಗು ಇನ್ನೇನು ಸ್ಕ್ರೀನಿಗೆ ತಾಗುವುದರಲ್ಲಿತ್ತು.

ಸ್ಕ್ರೀನು ಪೂರಾ ಕಪ್ಪು. ಬಲಗಡೆ ಮೂಲೆಯಲ್ಲಿ ಮಸುಕಾದ ಒಂದು ಸಾಲು, ನಿಮ್ಮ ಲೈಸೆನ್ಸನ್ನು ಆ್ಯಕ್ಟಿವೇಟ್ ಮಾಡಿ ಅಂತ. ನಡುವೆ ಒಂದು ಚೌಕ, ಅದರ ತುಂಬ ಮಾರುದ್ದದ ನಂಬರು. ಅದನ್ನೆಲ್ಲ ಫೋನಿನಲ್ಲಿ ಒತ್ತಬೇಕು. ಆಗ ರೆಕಾರ್ಡ್ ಮಾಡಿಟ್ಟ ಒಂದು ಹೆಂಗಸಿನ ದನಿ ಇನ್ನೊಂದು ಮಾರುದ್ದದ ನಂಬರು ಹೇಳುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ. ಸರಿ ಅಂದರೆ ಎಷ್ಟು ಸರಿ? ಮುಂದಿನ ಭಾನುವಾರದವರೆಗೆ ಅಷ್ಟೆ.

ಬುಗುರಿ ಅನ್ನುವುದು ಅವಳ ನಿಜವಾದ ಹೆಸರೇನಲ್ಲ. ನಿಂತ ಕಡೆ ನಿಲ್ಲುವುದಿಲ್ಲ ಅಂತ ಚಿಕ್ಕವಳಿದ್ದಾಗ ಅಪ್ಪ ಇಟ್ಟ ಹೆಸರು. ಅಮ್ಮನೂ ಹಾಗೇ ಕರೆಯುತ್ತಾಳೆ. ಅಪ್ಪ ಅಮ್ಮ ಇಬ್ಬರೂ ಜಗಳವಿಲ್ಲದೆ ಒಪ್ಪಿಕೊಂಡಿದ್ದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

"ಈ ಲೈಸೆನ್ಸನ್ನು ಎಷ್ಟು ಕಂಪ್ಯೂಟರ್‌ಗಳಲ್ಲಿ ಬಳಸುತ್ತಿದ್ದೀರಿ?" ಅಂತ ಫೋನಿನ ದನಿ ಕೇಳಿತು.

ಅಮ್ಮ ಯೋಚನೆಯನ್ನೇ ಮಾಡದೆ ಒಂದು ಒತ್ತಿದಳು. ಬುಗುರಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಪ್ರತಿ ವಾರ ಇಲ್ಲಿಂದ ಮುಂದೆ ನಂಬರು ಬರುತ್ತಿತ್ತು. ಇವತ್ತು ಬರಲಿಲ್ಲ. "ಕ್ಷಮಿಸಿ. ದಯವಿಟ್ಟು ನಮ್ಮ ಸಿಬ್ಬಂದಿಯೊಂದಿಗೆ ಮಾತನಾಡಿ," ಅಂದು ಆ ದನಿ ಸುಮ್ಮನಾಯಿತು. ಆಮೇಲೆ ಟೊಂಯ್ ಟೊಂಯ್ ಅಂತ ಮ್ಯೂಸಿಕ್ಕು ಶುರುವಾಯಿತು.

"ದರಿದ್ರ ಕಂಪ್ಯೂಟರ್!" ಅಮ್ಮ ಧೊಪ್ಪಂತ ಕುರ್ಚಿಯ ಮೇಲೆ ಕೂತಳು. "ಯಾವುದೋ ಆಫೀಸಿನವರು ಬಿಸಾಕಿದ್ದನ್ನ ನಿಮ್ಮಪ್ಪ ತಂದು ನನ್ನ ತಲೆಗೆ ಕಟ್ಟಿದಾರೆ ನೋಡು."

ಬುಗುರಿ ಬೆರಳಿನಿಂದ ಕೀಬೋರ್ಡಿನ ಧೂಳು ಒರೆಸತೊಡಗಿದಳು. ಅವಳಿಗೆ ಒಂದು ವಿಷಯ ಗೊತ್ತಿತ್ತು. ಬಹಳ ದಿನದಿಂದ ಗೊತ್ತಿತ್ತು. ಬೇಕಂತಲೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅಪ್ಪನ ಮನೆ ಸೇತುವೆಯ ಆಚೆ. ಅಮ್ಮನ ಮನೆ ಈಚೆ. ಶುಕ್ರವಾರ ಸ್ಕೂಲು ಬಿಟ್ಟಮೇಲೆ ಬುಗುರಿ ಅಪ್ಪನ ಮನೆಗೆ ಹೋಗುತ್ತಾಳೆ, ಭಾನುವಾರ ಸಂಜೆ ವಾಪಸ್ಸು ಬರುತ್ತಾಳೆ. ಅಪ್ಪ ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವವನು. ಒಂದು ಆಫೀಸಿನವರು ಹಳೇ ಕಂಪ್ಯೂಟರ್‌ಗಳನ್ನು ತೆಗೆದುಹಾಕುವಾಗ ಒಂದೇ ಥರದ ಎರಡನ್ನು ಆರಿಸಿ ತಂದಿದ್ದ. ಅಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ, ಥೇಟ್ ಅವಳಿ ಮಕ್ಕಳು. ಒಂದು ಈ ಮನೆಗೆ, ಒಂದು ಆ ಮನೆಗೆ. ಎರಡರ ಮುಂಭಾಗದಲ್ಲೂ ಅಪ್ಪ ಒಂದು ಪುಟ್ಟ ಡ್ರಾಯರ್ ಕೂರಿಸಿದ. ಆ ಡ್ರಾಯರಿನೊಳಗೆ ಹಾರ್ಡ್ ಡಿಸ್ಕ್.

"ಕಂಪ್ಯೂಟರಿನ ತಲೇಲಿ ಇರೋದೆಲ್ಲ ಈ ಡಿಸ್ಕಲ್ಲೇ ಇರೋದು ಕಣೇ," ಅಂದಿದ್ದ ಅಪ್ಪ. "ಬರುವಾಗ ತಗೊಂಡು ಬಾ, ಹೋಗುವಾಗ ತಗೊಂಡು ಹೋಗು. ಎಲ್ಲಿ ಹೋದ್ರೂ ನಿನ್ನ ಕಂಪ್ಯೂಟರ್ ನಿನ್ನ ಜೊತೇಲೇ ಇರುತ್ತೆ."

ಬುಗುರಿಗೆ ಅದು ಬಹಳ ಹಿಡಿಸಿತ್ತು. ಡಿಸ್ಕನ್ನು ಹಳೇ ಉಣ್ಣೆ ಟೋಪಿಯಲ್ಲಿ ಸುತ್ತಿ, ಬ್ಯಾಗಿನಲ್ಲಿ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದಳು. ಶುಕ್ರವಾರದ ದಿನ ಯಾರಾದರೂ ಅವಳ ಬ್ಯಾಗ್ ಮುಟ್ಟಿದರೆ ಮುಗೀತು, ಕಚ್ಚುವುದೊಂದು ಬಾಕಿ.

ಯಾಕೆಂದರೆ ಅದರಲ್ಲಿ ಆ ಫೋಟೋ ಇತ್ತು.

ಸಮುದ್ರದ ಫೋಟೋ. ದಾರಿಯಲ್ಲಿ ಹೋಗುವ ಯಾರನ್ನೋ ಕರೆದು ತೆಗೆಸಿದ್ದು. ಅಪ್ಪನ ಅರ್ಧ ತೋಳು ಕತ್ತರಿಸಿಹೋಗಿದೆ. ಅಮ್ಮನ ಕೂದಲು ಗಾಳಿಗೆ ಎದ್ದು ಅಪ್ಪನ ಕನ್ನಡಕದ ಮೇಲೆ ಬಿದ್ದಿದೆ. ನಡುವೆ ಬುಗುರಿ, ಸರಿಯಾಗಿ ಅದೇ ಹೊತ್ತಿಗೆ ಕಣ್ಣು ಮುಚ್ಚಿಕೊಂಡಿದ್ದಾಳೆ. ಮೂವರೂ ನಗುತ್ತಿದ್ದಾರೆ. ಅದನ್ನೇ ಅವಳು ಸ್ಕ್ರೀನಿಗೆ ಹಾಕಿದ್ದಳು. ಈ ಮನೆಯಲ್ಲಿ ಗುಂಡಿ ಒತ್ತಿದರೂ ಅದೇ ಫೋಟೋ, ಆ ಮನೆಯಲ್ಲಿ ಒತ್ತಿದರೂ ಅದೇ ಫೋಟೋ. ಎರಡೂ ಕಡೆ ಆ ಫೋಟೋ ಬರುತ್ತಿರುವಷ್ಟು ದಿನ ಮನೆ ಪೂರ್ತಿ ಎರಡಾಗಿಲ್ಲ ಅಂತ ಅವಳ ಲೆಕ್ಕ. ಇದನ್ನು ಯಾರಿಗೂ ಹೇಳಿರಲಿಲ್ಲ.

ಆಮೇಲೆ ಈ ಕಾಟ ಶುರುವಾಯಿತು. ಡಿಸ್ಕ್ ಹಾಕಿ ಆನ್ ಮಾಡಿದರೆ ಫೋಟೋ ಮಾಯ, ಬರೀ ಕಪ್ಪು.

ಅಮ್ಮ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದಳು. ಅವನು ವೈರಸ್ ಅಂದು ಏನೇನೋ ಮಾಡಿ ಹೋದ. ಸೇತುವೆಯ ಆಚೆ ಅಪ್ಪ ಒಳಗಿನ ಬಿಲ್ಲೆ ಬ್ಯಾಟರಿ ಬದಲಾಯಿಸಿದ, ಧೂಳು ಊದಿದ, ತಲೆ ಕೆರೆದುಕೊಂಡ. ಕೊನೆಗೆ ಅವನೂ ಫೋನ್ ಮಾಡಿ ನಂಬರು ಒತ್ತುವುದನ್ನು ಕಲಿತ. ಶುಕ್ರವಾರ ಅಪ್ಪ, ಭಾನುವಾರ ಅಮ್ಮ. ಅವನು ಮಾಡುವುದು ಇವಳಿಗೆ ಗೊತ್ತಿಲ್ಲ, ಇವಳು ಮಾಡುವುದು ಅವನಿಗೆ ಗೊತ್ತಿಲ್ಲ. ಇಬ್ಬರೂ ಮಾತಾಡಿಕೊಂಡರೆ ತಾನೇ ಗೊತ್ತಾಗುವುದು? "ಶುಕ್ರವಾರ ನಂದು ಲೇಟಾಗುತ್ತೆ ಅಂತ ನಿಮ್ಮಮ್ಮನಿಗೆ ಹೇಳು," "ಸ್ವೆಟರ್ ಅಲ್ಲೇ ಬಿಟ್ಟಿದೀಯ ಅಂತ ನಿಮ್ಮಪ್ಪನಿಗೆ ಹೇಳು," ಎಲ್ಲಕ್ಕೂ ಬುಗುರಿಯೇ ಪೋಸ್ಟು.

ಇದೊಂದನ್ನು ಮಾತ್ರ ಅವಳು ತಲುಪಿಸಲಿಲ್ಲ.

ಒಂದು ಸಲ ಜ್ವರ ಬಂದು ಶನಿವಾರ ಭಾನುವಾರ ಅಮ್ಮನ ಮನೆಯಲ್ಲೇ ಇದ್ದಳು. ಡಿಸ್ಕೂ ಅಲ್ಲೇ ಇತ್ತು. ಆ ವಾರ ಕಂಪ್ಯೂಟರ್ ಏನೂ ಕೇಳಲಿಲ್ಲ. ಮಲಗಿದಲ್ಲಿಂದಲೇ ಸಮುದ್ರದ ಫೋಟೋ ನೋಡುತ್ತ ಅವಳಿಗೆ ಥಟ್ಟನೆ ಹೊಳೆದಿತ್ತು. ಡಿಸ್ಕು ಇದ್ದಲ್ಲೇ ಇದ್ದರೆ ಸರಿಯಿರುತ್ತದೆ. ಮನೆ ಬದಲಾದರೆ ಹಾಳಾಗುತ್ತದೆ. ಡಿಸ್ಕು ಓಡಾಡುವುದು ಗೊತ್ತಿದ್ದರೂ ಅಪ್ಪ ಅಮ್ಮನಿಗೆ ಇದು ಹೊಳೆದಿರಲಿಲ್ಲ. ಹೇಳಿದರೆ ದೊಡ್ಡವರು ಏನು ಮಾಡುತ್ತಾರೆ ಅಂತಲೂ ಹೊಳೆದಿತ್ತು. ಡಿಸ್ಕನ್ನು ಒಂದೇ ಮನೆಯಲ್ಲಿ ಇಟ್ಟುಬಿಡುತ್ತಾರೆ.

ಮ್ಯೂಸಿಕ್ಕು ನಿಂತಿತು. "ನಮಸ್ಕಾರ, ಹೇಳಿ ಮೇಡಂ," ಅಂದಳು ಒಬ್ಬ ಹೆಂಗಸು. ಇದು ರೆಕಾರ್ಡ್ ಮಾಡಿದ್ದಲ್ಲ, ನಿಜವಾದ ದನಿ. ನಡುವೆ ಒಂದು ಸಲ ಕೆಮ್ಮಿದಳು ಕೂಡ. "ಈ ಲೈಸೆನ್ಸ್ ಎಷ್ಟು ಕಂಪ್ಯೂಟರಲ್ಲಿ ಹಾಕಿದೀರಿ?"

"ಒಂದೇ. ಮನೇಲಿರೋದೇ ಒಂದು," ಅಂದಳು ಅಮ್ಮ.

"ನಮಗೆ ಎರಡು ಕಾಣಿಸ್ತಿದೆ ಮೇಡಂ. ಶುಕ್ರವಾರ ಒಂದರಿಂದ ಆ್ಯಕ್ಟಿವೇಟ್ ಆಗಿದೆ, ಭಾನುವಾರ ಇನ್ನೊಂದರಿಂದ. ಪ್ರತಿ ವಾರ ಹೀಗೇ ಆಗ್ತಿದೆ."

"ಶುಕ್ರವಾರನಾ?" ಅಮ್ಮನ ಹುಬ್ಬು ಮೇಲೇರಿತು. ಫೋನಿಗೆ ಕೈ ಅಡ್ಡ ಹಿಡಿದು ಬುಗುರಿಯ ಕಡೆ ತಿರುಗಿದಳು. "ಓಹೋ, ಹೀಗಾ ಕತೆ! ನಿಮ್ಮಪ್ಪ ಇದನ್ನ ಕಾಪಿ ಹೊಡ್ಕೊಂಡಿದಾರೆ. ನನಗೊಂದು ಮಾತೂ ಹೇಳದೆ. ಇಂಥ ಕಳ್ಳ ಬುದ್ಧಿ..."

ಅಪ್ಪ ಧೂಳು ಊದಿದ್ದು, ತಲೆ ಕೆರೆದುಕೊಂಡದ್ದು, ಫೋನಿನ ಮುಂದೆ ಬಗ್ಗಿ ಕೂತು ನಂಬರು ಒತ್ತಿದ್ದು ಎಲ್ಲ ಬುಗುರಿಯ ಕಣ್ಣಮುಂದೆ ಬಂತು.

"ಅಪ್ಪ ಏನೂ ಮಾಡಿಲ್ಲ!" ಅವಳಿಗೇ ಗೊತ್ತಿಲ್ಲದೆ ಅವಳ ದನಿ ಜೋರಾಗಿತ್ತು. "ಅಲ್ಲೂ ಹೀಗೇ ಕೇಳುತ್ತೆ ಅಮ್ಮ. ಅಪ್ಪನೂ ನಿನ್ನ ಥರಾನೇ ನಂಬರ್ ಒತ್ತುತ್ತಾನೆ. ಅವನೂ ಒಂದೇ ಅಂತಾನೇ ಹೇಳ್ತಾನೆ."

ಬುಗುರಿ ಮೆಲ್ಲಗೆ ಅಮ್ಮನ ಕೈಯನ್ನು ಫೋನಿನ ಮೇಲಿಂದ ಸರಿಸಿದಳು.

"ಎರಡು ಆಂಟಿ," ಅಂದಳು. "ಡಿಸ್ಕ್ ಒಂದೇ. ನಾನೇ ತಗೊಂಡು ಹೋಗೋದು, ನಾನೇ ತರೋದು. ಕಂಪ್ಯೂಟರ್ ಎರಡು ಇದೆ. ನಮಗೆ... ಎರಡು ಮನೆ ಇದೆ."

ಈ ಮಾತನ್ನು ಅವಳು ಇಲ್ಲಿಯವರೆಗೆ ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಸ್ಕೂಲಿನಲ್ಲಿ ಯಾರಾದರೂ ಕೇಳಿದರೆ ಅಪ್ಪನಿಗೆ ದೂರದಲ್ಲಿ ಕೆಲಸ ಅಂದುಬಿಡುತ್ತಿದ್ದಳು.

"ಹಾಗಾ ಪುಟ್ಟಾ," ಆ ದನಿ ಮೆತ್ತಗಾಯಿತು. "ನೋಡು, ಲೈಸೆನ್ಸ್ ಅನ್ನೋದು ಡಿಸ್ಕನ್ನ ಮಾತ್ರ ನೋಡಲ್ಲ. ಕಂಪ್ಯೂಟರ್ ಒಳಗೆ ಒಂದು ಬೋರ್ಡ್ ಇರುತ್ತಲ್ಲ, ಅದರ ಗುರುತು ಇಟ್ಕೊಂಡಿರುತ್ತೆ. ಹೊರಗಿಂದ ಎಷ್ಟೇ ಒಂದೇ ಥರ ಕಂಡ್ರೂ ಬೋರ್ಡ್ ಬೇರೆ ಬೇರೇನೇ. ಅದಕ್ಕೇ ಪ್ರತಿ ಸಲ ಹೊಸದಾಗಿ ಕೇಳೋದು. ಈಗ ಇದನ್ನ ಒಂದಕ್ಕೆ ಖಾಯಂ ಮಾಡಿಕೊಡ್ತೀನಿ. ಇನ್ನೊಂದಕ್ಕೆ ಬೇರೆ ಲೈಸೆನ್ಸ್ ತಗೋಬೇಕು. ಯಾವ ಮನೇದು ಇಟ್ಕೊಳ್ಳೋಣ, ಹೇಳು?"

ಯಾವ ಮನೆ?

ಈ ಪ್ರಶ್ನೆ ಬುಗುರಿಗೆ ಹೊಸದಲ್ಲ. ಚಿಕ್ಕಮ್ಮ ಕೇಳಿದ್ದರು. ಪಕ್ಕದ ಮನೆಯವರು ಕೇಳಿದ್ದರು. ಒಂದು ದೊಡ್ಡ ಕಟ್ಟಡದಲ್ಲಿ, ಫ್ಯಾನು ಕಿರ್ ಕಿರ್ ಅನ್ನುವ ರೂಮಿನಲ್ಲಿ, ಬಿಳಿ ಕೂದಲಿನ ಮೇಡಂ ಒಬ್ಬರು ಬಿಸ್ಕತ್ತು ಕೊಟ್ಟು ಕೇಳಿದ್ದರು. ನಿನಗೆ ಯಾರ ಹತ್ತಿರ ಇರೋಕೆ ಇಷ್ಟ ಮರೀ? ಆಗೆಲ್ಲ ನೆಲ ನೋಡಿದ ಹಾಗೆ ಈಗಲೂ ನೆಲ ನೋಡಿದಳು. ಕಣ್ಣಿನಿಂದ ಒಂದು ಹನಿ ಕೀಬೋರ್ಡಿನ ಮೇಲೆ ಬಿತ್ತು.

ಅಮ್ಮ ಫೋನನ್ನು ಕೈಗೆತ್ತಿಕೊಂಡಳು.

"ಮೇಡಂ, ಅದನ್ನ ಅವಳನ್ನ ಕೇಳಬೇಡಿ. ಅವಳು ಹೇಳಬೇಕಾಗಿಲ್ಲ. ನಾವು ದೊಡ್ಡವರು ಮಾತಾಡ್ಕೊಂಡು ಹೇಳ್ತೀವಿ."

ಫೋನ್ ಇಟ್ಟಮೇಲೆ ಅಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಸೆರಗಿನಿಂದ ಬುಗುರಿಯ ಮೂಗು ಒರೆಸಿದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ಡಿಸ್ಕ್ ಒಂದೇ ಕಡೆ ಇರಲಿ ಅಂತೀರಿ. ಆಮೇಲೆ ಇನ್ನೊಂದು ಮನೇಲಿ ಫೋಟೋ ಇರಲ್ಲ."

"ಸಮುದ್ರದ್ದಾ?" ಅಮ್ಮ ಕಪ್ಪು ಸ್ಕ್ರೀನನ್ನು ನೋಡಿದಳು. "ಅಲ್ಲೂ ಅದೇ ಬರುತ್ತಾ?"

"ಹ್ಞೂಂ."

"ನಿಮ್ಮಪ್ಪ ಏನೂ ಅನ್ನಲಿಲ್ವಾ?"

"ಇಲ್ಲ. ನೀನೂ ಏನೂ ಅನ್ನಲಿಲ್ಲ."

ಅಮ್ಮ ಎದ್ದು ಕಿಟಕಿಯ ಹತ್ತಿರ ಹೋದಳು. ಫೋನಿನಲ್ಲಿ ಒಂದು ಹೆಸರು ಹುಡುಕಿ ಒತ್ತಿದಳು.

"ಹಲೋ. ನಾನೇ. ಇಲ್ಲ ಇಲ್ಲ, ಅವಳು ಚೆನ್ನಾಗಿದಾಳೆ, ಗಾಬರಿ ಆಗಬೇಡಿ ರೀ."

ರೀ! ಬುಗುರಿ ಕಿವಿ ನಿಮಿರಿಸಿ ಕೂತಳು. ಅಮ್ಮ ಹಾಗೆ ಕರೆದು ಎಷ್ಟು ಕಾಲವಾಗಿತ್ತೋ. ಅಮ್ಮ ಎಲ್ಲವನ್ನೂ ಹೇಳಿದಳು. ಡಿಸ್ಕು, ಬೋರ್ಡು, ಶುಕ್ರವಾರ, ಭಾನುವಾರ. ಫೋಟೋದ ವಿಷಯ ಬಂದಾಗ ದನಿ ತಗ್ಗಿಸಿದಳು. ಆಮೇಲೆ ಇದ್ದಕ್ಕಿದ್ದಂತೆ ನಕ್ಕಳು. "ಅಯ್ಯೋ, ನೀವೂ ಒಂದೇ ಅಂತ ಒತ್ತುತ್ತಿದ್ರಾ? ಒಳ್ಳೇ ಜನ ನಾವು!"

ಬುಗುರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಾತಾಡ್ತಿದಾರೆ. ನಗ್ತಿದಾರೆ. ಹಾಗಾದರೆ? ಹಾಗಾದರೆ?

"ಹ್ಞೂಂ, ಹಾಗೇ ಮಾಡೋಣ," ಅಂದಳು ಅಮ್ಮ. "ಆ ಡಿಸ್ಕ್ ನಿಮ್ಮನೇಲೇ ಇರಲಿ. ನಮ್ಮನೆಗೆ ಬೇರೆ ಒಂದು ಹಾಕಿಕೊಡಿ. ಲೈಸೆನ್ಸ್ ನಾನು ತಗೋತೀನಿ. ಫೋಟೋ ಎರಡರಲ್ಲೂ ಇರಲಿ."

ನಿಮ್ಮನೆ. ನಮ್ಮನೆ.

ಮೊದಲು ಈ ಎರಡು ಮಾತು ಬರುತ್ತಿದ್ದದ್ದು ಸಿಟ್ಟಿನ ಜೊತೆಗೆ. ಬಾಗಿಲು ದಢಾರನೆ ಹಾಕಿಕೊಳ್ಳುವಾಗ, ಅಳುವಾಗ. ಸಿಟ್ಟು ಇಳಿದರೆ ಆ ಮಾತುಗಳೂ ಹೋಗುತ್ತವೆ ಅಂತ ಬುಗುರಿ ಅಂದುಕೊಂಡಿದ್ದಳು. ಇವತ್ತು ಅಮ್ಮನ ದನಿಯಲ್ಲಿ ಸಿಟ್ಟು ಹುಡುಕಿದರೂ ಇರಲಿಲ್ಲ. ಮಾತು ಮಾತ್ರ ಹಾಗೇ ಇತ್ತು.

ಅವಳಿಗೆ ಅಳು ಬಂತು. ಸದ್ದಿಲ್ಲದೆ, ಸ್ವಲ್ಪ ಹೊತ್ತು ಅತ್ತಳು. ಅಮ್ಮ ಹತ್ತಿರ ಬಂದು ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಯಾಕೆ ಅಂತ ಕೇಳಲಿಲ್ಲ.

ಮುಂದಿನ ಶುಕ್ರವಾರ ಅಪ್ಪ ಹಳೇ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿ ಡ್ರಾಯರಿಗೆ ಸ್ಕ್ರೂ ಬಿಗಿದ. ಇನ್ನೊಂದು ಡಿಸ್ಕನ್ನು ಟೋಪಿಯಲ್ಲಿ ಸುತ್ತಿ ಕೊಟ್ಟ. ಜೊತೆಗೆ ಎರಡು ಸ್ಕ್ರೂ, ತನ್ನ ಕಿಟ್ಟಿನಿಂದ ಒಂದು ಪುಟ್ಟ ಸ್ಕ್ರೂಡ್ರೈವರ್.

"ಅಲ್ಲಿ ನೀನೇ ಟೈಟ್ ಮಾಡು ಬುಗುರಿ. ಆಮೇಲೆ ತೆಗೀಬೇಡ, ಇದು ಇನ್ಮೇಲೆ ಅಲ್ಲೀದು," ಅಂದ. ಸ್ವಲ್ಪ ತಡೆದು, "ಫೋಟೋ ಹಾಕಿದೀನಿ," ಅಂದ.

ಭಾನುವಾರ ಅಮ್ಮನ ಮನೆಯಲ್ಲಿ ಬುಗುರಿಯೇ ಸ್ಕ್ರೂ ಬಿಗಿದಳು. ನಾಲಿಗೆ ಹೊರಗೆ ಚಾಚಿಕೊಂಡು, ಕೈ ನೋಯುವವರೆಗೆ ತಿರುಗಿಸಿದಳು. ಫೋನಿನ ದನಿ ಅದೇ ಪ್ರಶ್ನೆ ಕೇಳಿತು. ಎಷ್ಟು ಕಂಪ್ಯೂಟರ್? ಅಮ್ಮ ಬುಗುರಿಯ ಕಡೆ ನೋಡಿದಳು. ಬುಗುರಿಯೇ ಒಂದು ಒತ್ತಿದಳು. ಈಗ ಅದು ನಿಜವಾಗಿತ್ತು.

ಅದರ ಮುಂದಿನ ಭಾನುವಾರ ಸಂಜೆ ಚಳಿ ಇತ್ತು. ಬುಗುರಿ ಉಣ್ಣೆ ಟೋಪಿಯನ್ನು ತಲೆಗೆ ಹಾಕಿಕೊಂಡೇ ಅಪ್ಪನ ಮನೆಯಿಂದ ಬಂದಳು. ಬ್ಯಾಗು ಹಗುರವಾಗಿತ್ತು. ಶೂ ಕೂಡ ಬಿಚ್ಚದೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದಳು.

ಮೊದಲು ಸ್ಕ್ರೀನು ಕಪ್ಪಗಿತ್ತು.

ಆಮೇಲೆ ಸಮುದ್ರ ಬಂತು. ಅಮ್ಮನ ಕೂದಲು, ಅಪ್ಪನ ಅರ್ಧ ತೋಳು, ನಡುವೆ ಕಣ್ಣು ಮುಚ್ಚಿಕೊಂಡ ಅವಳು. ಮೂಲೆಯಲ್ಲಿ ಯಾವ ಸಾಲೂ ಇರಲಿಲ್ಲ. ಕಂಪ್ಯೂಟರ್ ಏನನ್ನೂ ಕೇಳಲಿಲ್ಲ.

"ಬಂತೇನೇ?" ಒಳಗಿನಿಂದ ಅಮ್ಮ ಕೂಗಿದಳು.

"ಬಂತು."

"ಅಲ್ಲೂ ಇದೆ ತಾನೇ?"

"ಅಲ್ಲೂ ಇದೆ," ಅಂದಳು ಬುಗುರಿ. ಟೋಪಿ ತೆಗೆದು ಗೂಟಕ್ಕೆ ಹಾಕಿ, ಶೂ ಬಿಚ್ಚಲು ಕೂತಳು.