ಯಾವ ಫೋಲ್ಡರಿನಲ್ಲೂ ಇಲ್ಲದ ನಿಖಿಲ

"ಮತ್ತ ಟೈಪ್ ಮಾಡು. ಸ್ಪೆಲಿಂಗ್ ತಪ್ಪಿರಬೇಕು," ಎಂದಳು ಮಾಲವಿಕಾ.

"ನನ್ನ ಹೆಸರಿನ ಸ್ಪೆಲಿಂಗ್ ನನಗ ಗೊತ್ತಿಲ್ಲೇನು?"

ನಿಖಿಲ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರನ್ನು ಮತ್ತೆ ಬರೆದ. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಸರಿದು ಕೊನೆ ಮುಟ್ಟಿತು. 2004ರ ಫೋಲ್ಡರಿನಲ್ಲಿ ಆ ಹೆಸರಿನದು ಏನೂ ಇಲ್ಲ ಎಂದು ಕಂಪ್ಯೂಟರ್ ಹೇಳಿತು.

ಅದೇ ಜಾಗದಲ್ಲಿ 'ಮಾಲವಿಕಾ' ಎಂದು ಬರೆದರೆ ಫೋಲ್ಡರುಗಳು ಸಾಲಾಗಿ ಬರುತ್ತಿದ್ದವು. ಮಾಲವಿಕಾ ಫಸ್ಟ್ ಡೇ. ಮಾಲವಿಕಾ ತೊಟ್ಟಿಲು. ಮಾಲವಿಕಾ ಒನ್ ಮಂತ್. ಮಾಲವಿಕಾ ನಗ್ತಾಳ. ಪ್ರತಿ ಫೋಲ್ಡರಿನಲ್ಲೂ ಟೋಪಿ ಹಾಕಿದ ಒಂದೇ ಒಂದು ಕೂಸು.

ಅವರಿಬ್ಬರೂ ಅವಳಿಜವಳಿ. 2004ರಲ್ಲಿ ಒಂದೇ ದಿನ ಹುಟ್ಟಿದವರು. ಐದನೇ ಕ್ಲಾಸಿನಲ್ಲಿ ಒಂದೇ ಸೆಕ್ಷನ್ನಿನಲ್ಲಿ ಕೂರುವವರು.

ಸೋಮವಾರ ಎಲ್ಲರೂ ತಮ್ಮ ಮೊಟ್ಟಮೊದಲ ಫೋಟೋ ತರಬೇಕು, ದೊಡ್ಡ ಚಾರ್ಟಿನ ಮೇಲೆ ಅಂಟಿಸೋಣ ಎಂದು ಟೀಚರ್ ಹೇಳಿದ್ದರು. ಮಾಲವಿಕಾ ಆಗಲೇ ನಾಲ್ಕು ಫೋಟೋ ಆರಿಸಿಟ್ಟು, ಯಾವುದು ಚೆಂದ ಎಂದು ಒದ್ದಾಡುತ್ತಿದ್ದಳು.

"ನಿಂದು ಸಿಗೂದಿಲ್ಲ ಬಿಡು," ಎಂದಳು ಅವಳು. "ಯಾಕಂದ್ರ ನೀ ಆಮ್ಯಾಲ ಬಂದಾಂವ. ಮಮ್ಮಿ ಮಾಲೇಗಾಂವಿನಾಗ ಸೀರಿ ತಗೊಂಡ್ಳಲ್ಲ, ಅದರ ಜೋಡಿ ಫ್ರೀ ಕೊಟ್ರು."

"ನಾವು ಟ್ವಿನ್ಸ್."

"ಹಂಗಂತ ಎಲ್ಲಾರಿಗೂ ಹೇಳ್ಯಾರ."

ಮಾಲವಿಕಾ ನಕ್ಕು ಎದ್ದು ಹೋದಳು. ನಿಖಿಲನಿಗೆ ನಗು ಬರಲಿಲ್ಲ.

ಪಪ್ಪ ಸಂಗಮನಾಥ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಬಹಳ ಹಿಂದೆ ಟ್ರೇನಿಂಗಿಗೆಂದು ರಷ್ಯಾಕ್ಕೆ ಹೋದಾಗ ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದರು. ಅಂದಿನಿಂದ ಕಂಡದ್ದನ್ನೆಲ್ಲ ಫೋಟೋ ತೆಗೆಯುವುದು ಅವರ ಅಭ್ಯಾಸ. ಹೊಸ ಫ್ರಿಜ್ಜು, ಫ್ರಿಜ್ಜು ಬಂದ ಡಬ್ಬಿ, ಆ ಡಬ್ಬಿಯಲ್ಲಿ ಮಲಗಿದ ಬೆಕ್ಕು. ಎಲ್ಲವೂ ಕಂಪ್ಯೂಟರಿನಲ್ಲಿ ಇದ್ದವು. ಆದರೆ ಎಲ್ಲಿ ಏನಿದೆ ಎಂದು ಪಪ್ಪನಿಗೂ ಗೊತ್ತಿರಲಿಲ್ಲ. ನ್ಯೂ ಫೋಲ್ಡರ್ ಒಳಗೆ ಇನ್ನೊಂದು ನ್ಯೂ ಫೋಲ್ಡರ್, ಅದರೊಳಗೆ ಮತ್ತೊಂದು.

ಸೋಮವಾರ ಬೆಳಿಗ್ಗೆ ಅಂಗಡಿಯ ಮಧುಕರ ಅಂಕಲ್ ಬಂದು ಹಳೆಯ ಕಂಪ್ಯೂಟರನ್ನು ಒಯ್ದು ಹೊಸದನ್ನು ಕೊಡುವವರಿದ್ದರು. ಅಷ್ಟರೊಳಗೆ ಫೋಟೋಗಳೆಲ್ಲ ಹೊಸ ಹಾರ್ಡ್ ಡಿಸ್ಕಿಗೆ ಹೋಗಬೇಕು. ಉಳಿದದ್ದು ಹಳೆಯದರ ಜೊತೆ ಹೋದ ಹಾಗೆಯೇ.

"ವರ್ಷಕ್ಕ ಒಂದು ಫೋಲ್ಡರ್, ಅದರಾಗ ತಿಂಗಳು," ಎಂದು ಪಪ್ಪ ಕೆಲಸ ಒಪ್ಪಿಸಿದ್ದರು. ಪುಸ್ತಕದಿಂದ ಕಾಲುಚೀಲದವರೆಗೆ ಎಲ್ಲವನ್ನೂ ಜೋಡಿಸಿಡುವ ಹುಚ್ಚು ನಿಖಿಲನಿಗೆ. "ಮಿಸ್ಕ್ ಅಂತ ಇದ್ದದ್ದು ಬಿಟ್ಟುಬಿಡು. ಅದರಾಗ ಏನೂ ಇಲ್ಲ."

ಹೆಸರಿಡಲು ತಿಳಿಯದ ಫೋಟೋಗಳನ್ನೆಲ್ಲ ಪಪ್ಪ 'ಮಿಸ್ಕ್' ಎಂಬ ಫೋಲ್ಡರಿಗೆ ಹಾಕುತ್ತಿದ್ದರು. ಪ್ರತಿ ವರ್ಷದಲ್ಲೂ ಅಂಥ ಒಂದೆರಡು ಇದ್ದವು.

ನಿಖಿಲನ ಮೊದಲ ಫೋಟೋ ಸಿಕ್ಕಿದ್ದು 'ಜವಳ' ಎಂಬ ಫೋಲ್ಡರಿನಲ್ಲಿ. ಕೂದಲು ತೆಗೆಸಿದ ಎರಡು ಬೋಳುತಲೆಗಳು ಅಜ್ಜನ ಎರಡು ತೊಡೆಯ ಮೇಲೆ. ಅಷ್ಟೊತ್ತಿಗೆ ಕೂಸುಗಳು ಕೂರಲು ಕಲಿತಿದ್ದವು. ಅದಕ್ಕಿಂತ ಮುಂಚೆ ಅವನು ಎಲ್ಲಿಯೂ ಇರಲಿಲ್ಲ.

ಊಟಕ್ಕೆ ಕೂತಾಗ ನಿಖಿಲ ಎಲ್ಲರ ಕಿವಿ ನೋಡಿದ. ಪಪ್ಪನ ಕಿವಿ ದೊಡ್ಡದು. ಮಾಲವಿಕಾಳದೂ ಹಾಗೆಯೇ. ಅವನು ತನ್ನ ಕಿವಿಯನ್ನು ಮುಟ್ಟಿಕೊಂಡ. ಸಣ್ಣದೆನಿಸಿತು.

"ಕಿವಿ ನೋವೇನೋ?" ಎಂದು ಮಮ್ಮಿ ಕೇಳಿದಳು.

"ಇಲ್ಲ. ಮಮ್ಮಿ, ನಾ ಎಲ್ಲಿ ಹುಟ್ಟಿದ್ದು?"

"ಔರಂಗಾಬಾದಿನಾಗ. ನಾ ತವರಮನ್ಯಾಗಿದ್ದೆ. ಇಬ್ಬರೂ ಅಲ್ಲೇ."

"ಆಮ್ಯಾಲ?"

ಮಮ್ಮಿಯ ಕೈಯಲ್ಲಿದ್ದ ಸೌಟು ಒಂದು ಕ್ಷಣ ನಿಂತಿತು. "ಆಮ್ಯಾಲ ಏನು? ಊಟ ಮಾಡು, ಬ್ಯಾಳಿ ಆರ್ತದ."

ಅವಳು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆಗಳು ಸದ್ದು ಮಾಡಿದವು. ಪಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ನಿಖಿಲ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದ. ಬಾಯಿಗೆ ಇಡಲು ಆಗಲಿಲ್ಲ.

ಇನ್ನೊಂದು ಸಲ ಕೇಳಬಹುದಿತ್ತು. ಆದರೆ ಕೇಳಿದರೆ ಅವರು ಹೇಳಿಬಿಡುತ್ತಾರೆ. ಹೇಳಿಬಿಟ್ಟರೆ?

ಭಾನುವಾರ ಅವನು ಬೆಳಿಗ್ಗೆಯೇ ಕಂಪ್ಯೂಟರಿನ ಮುಂದೆ ಕೂತ. 2004 ಬಿಟ್ಟು ಮಿಕ್ಕ ವರ್ಷಗಳೆಲ್ಲ ಹಾರ್ಡ್ ಡಿಸ್ಕಿಗೆ ಹೋಗಿದ್ದವು. ಆ ಒಂದು ವರ್ಷವನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಒಮ್ಮೆ ಮುಚ್ಚಿದರೆ ಅಲ್ಲಿ ತಾನಿಲ್ಲ ಎಂಬುದು ಗಟ್ಟಿಯಾಗಿಬಿಡುತ್ತದೆ ಎನಿಸುತ್ತಿತ್ತು.

ಮಾಲವಿಕಾ ಪಕ್ಕದ ಸ್ಟೂಲಿನ ಮೇಲೆ ಕೂತು ಚೂಡಾ ತಿನ್ನುತ್ತಿದ್ದಳು. "ಜವಳದ ಫೋಟೋನೇ ಒಯ್ಯಿ. ನನ್ನ ಕಡಿ ಇದ್ದದ್ದು ಕಟ್ ಮಾಡು. ನನಗೇನ್ ಸಿಟ್ಟಿಲ್ಲ."

ನೋಡದೆ ಉಳಿದದ್ದು ಒಂದೇ ಫೋಲ್ಡರ್, 'ಎಬಿಡಿ ಮಿಸ್ಕ್'. ಎಬಿಡಿ ಎಂದರೆ ಔರಂಗಾಬಾದ್, ಪಪ್ಪ ಹಾಗೆಯೇ ಬರೆಯುತ್ತಿದ್ದುದು. ಅವನು ಅದನ್ನು ತೆರೆದ.

ಮೊದಲ ಫೋಟೋದಲ್ಲಿ ಒಂದು ಉದ್ದನೆಯ ವರಾಂಡ, ಯಾರೂ ಇಲ್ಲ. ಮುಂದಿನದರಲ್ಲಿ ಬೆಂಚಿನ ಕೆಳಗೆ ಪಪ್ಪನದೇ ಬೂಟು. ಆಮೇಲೆ ನೀರಿನ ಕೊಡ, ಊಟದ ಡಬ್ಬಿ, ಕಿಟಕಿಯಾಚೆ ಬೇವಿನ ಗಿಡ. ಅರ್ಧದಷ್ಟು ಬ್ಲರ್.

"ಇದು ಯಾವ ಟ್ರಿಪ್ ಮಾರಾಯಾ? ಇಷ್ಟು ಬೋರ್," ಎಂದಳು ಮಾಲವಿಕಾ. "ಡಿಲೀಟ್ ಮಾಡು ಯಾರ್. ಡಿಸ್ಕ್ ತುಂಬ್ತದ."

ನಿಖಿಲನ ಬೆರಳು ಡಿಲೀಟ್ ಕೀಯ ಮೇಲೆ ಹೋಯಿತು. ಹಾಗೆಯೇ ಇನ್ನೊಂದು ಫೋಟೋ ಮುಂದೆ ಸರಿಸಿದ.

ಮಮ್ಮಿ.

ತುಂಬ ತೆಳ್ಳಗಿದ್ದಳು. ತಲೆ ಬಾಚಿರಲಿಲ್ಲ, ಕಿವಿಗೆ ಅರಿವೆ ಸುತ್ತಿಕೊಂಡಿದ್ದಳು. ಗೋಡೆಗೆ ಒರಗಿ ನಿಂತವಳು ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಮುಂದಿನದರಲ್ಲಿ ಅಜ್ಜ, ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಅದರ ಮುಂದಿನದರಲ್ಲಿ ಪ್ರೇಮಾಬಾಯಿ ಅಜ್ಜಿ. ಅಜ್ಜಿಯ ತೋಳಲ್ಲಿ ಟೋಪಿ ಹಾಕಿದ ಕೂಸು.

"ಅದು ನಾನು," ಎಂದಳು ಮಾಲವಿಕಾ. ಆಮೇಲೆ ಚೂಡಾ ಅಗಿಯುವುದನ್ನು ನಿಲ್ಲಿಸಿದಳು. "ಅಜ್ಜಿ ನನ್ನ ಎತ್ಕೊಂಡಾಳ, ಆದ್ರ ನನ್ನ ನೋಡ್ತಾನೇ ಇಲ್ಲಲ್ಲ."

ನಿಖಿಲ ಹಿಂದಕ್ಕೆ ಹೋದ. ಮತ್ತೆ ಮುಂದಕ್ಕೆ ಬಂದ. ಮಮ್ಮಿ, ಅಜ್ಜ, ಅಜ್ಜಿ, ಮತ್ತೆ ಮಮ್ಮಿ, ಕೊನೆಯದರಲ್ಲಿ ಮೂವರೂ ಸಾಲಾಗಿ. ಬೇರೆ ಬೇರೆ ದಿನದ ಫೋಟೋಗಳು, ಸೀರೆಗಳು ಬೇರೆ. ಆದರೆ ಎಲ್ಲರ ಮುಖವೂ ಎಡಕ್ಕೇ ತಿರುಗಿತ್ತು. ಎಲ್ಲರೂ ಫೋಟೋದಲ್ಲಿ ಇಲ್ಲದ ಏನನ್ನೋ ನೋಡುತ್ತಿದ್ದರು.

ಹಿಂದೆ ಚೀಲ ಕೆಳಗಿಟ್ಟ ಸದ್ದಾಯಿತು. ಪಪ್ಪ ಪೇಟೆಯಿಂದ ಬಂದು ನಿಂತಿದ್ದರು.

"ಅದನ್ನ ಬಿಡು ಅಂದಿದ್ದೆ," ಎಂದರು. ಸಿಟ್ಟಿನ ದನಿಯಲ್ಲ.

"ಪಪ್ಪಾ, ಇವರೆಲ್ಲ ಏನು ನೋಡ್ಲಿಕ್ಹತ್ಯಾರ?"

ಪಪ್ಪ ಮಾಲವಿಕಾಳನ್ನು ಸರಿಯಲು ಹೇಳಿ ಸ್ಟೂಲಿನ ತುದಿಗೆ ಕೂತರು.

"ಒಂದು ಬಾಗಿಲು ಇತ್ತು," ಎಂದರು. "ಮ್ಯಾಲ ಸಣ್ಣ ಗಾಜು."

"ಬಾಗಿಲ ಆಚೆ ಏನಿತ್ತು?"

"ನೀ ಇದ್ದಿ."

ಫ್ಯಾನು ತಿರುಗುತ್ತಿತ್ತು. ಮಾಲವಿಕಾ ಚೂಡಾದ ತಟ್ಟೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

"ನೀ ಭಾಳ ಸಣ್ಣವಿದ್ದಿ. ಉಸಿರು ಸರಿ ಇರಲಿಲ್ಲ. ದವಾಖಾನಿಯ ಗಾಜಿನ ಪೆಟ್ಟಿಗ್ಯಾಗ ಇಟ್ಟಿದ್ರು. ಒಳಗ ಒಬ್ಬರಿಗೇ ಬಿಡ್ತಿದ್ರು. ಉಳಿದವರು ಹೊರಗ ನಿಂತಿರ್ತಿದ್ವಿ."

"ಮತ್ತ ನನ್ನ ಫೋಟೋ ಯಾಕ ತೆಗೀಲಿಲ್ಲ?"

ಉತ್ತರ ಅಡುಗೆಮನೆಯ ಬಾಗಿಲಿನಿಂದ ಬಂತು. ಮಮ್ಮಿ ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ನಿಂತಿದ್ದಳು. "ಅಜ್ಜಿ ಬ್ಯಾಡ ಅಂದ್ಳು. ಫೋಟೋ ತೆಗೆದ್ರ ದೃಷ್ಟಿ ಆಗ್ತದ, ಕೂಸು ಗಟ್ಟಿ ಆಗೋ ತನಕ ಕ್ಯಾಮೆರಾ ಆ ಕಡಿ ತಿರುಗಿಸಬ್ಯಾಡ್ರಿ ಅಂತ."

"ನೀವು ವಿಮಾನ ಕಟ್ತೀರಿ, ಪಪ್ಪಾ," ಎಂದಳು ಮಾಲವಿಕಾ. "ನೀವೂ ಅದನ್ನ ನಂಬಿದ್ರೇನು?"

"ಆವಾಗ ಯಾರು ಏನ್ ಹೇಳಿದ್ರೂ ನಂಬ್ತಿದ್ದೆ," ಎಂದರು ಪಪ್ಪ.

"ಮತ್ತ ಈ ಬೂಟು, ಕೊಡ, ಇವನ್ನೆಲ್ಲ ಯಾಕ ತೆಗೆದ್ರಿ?"

"ಕೈ ಸುಮ್ಮನ ಇರ್ತಿರಲಿಲ್ಲ."

"ಒಂದಿನ ನನ್ನ ಚಪ್ಪಲಿ ಫೋಟೋ ತೆಗೆದ್ರು ನಿಮ್ಮ ಪಪ್ಪ," ಎಂದಳು ಮಮ್ಮಿ. ನಗಬೇಕೆಂದು ಹೊರಟವಳು ನಗಲಿಲ್ಲ. ನಿಖಿಲನ ಹಿಂದೆ ಬಂದು ನಿಂತು, ಪರದೆಯ ಮೇಲಿನ ತನ್ನನ್ನೇ ನೋಡಿದಳು. ಹಿಟ್ಟಿನ ಕೈ ಅವನ ತಲೆಗೆ ತಾಗದಂತೆ ಮೊಣಕೈಯಿಂದ ಅವನ ಹೆಗಲನ್ನು ಒತ್ತಿದಳು.

ನಿಖಿಲ ಎಬಿಡಿ ಮಿಸ್ಕನ್ನು ಎಳೆದು ಹೊಸ ಡಿಸ್ಕಿಗೆ ಹಾಕಿದ. ಬೂಟು, ಕೊಡ, ಬೇವಿನ ಗಿಡ, ಬ್ಲರ್ ಆದವು, ಎಲ್ಲವೂ ಒಂದೊಂದಾಗಿ ಹೋದವು. ಪಪ್ಪ ಬೇಡ ಎನ್ನಲಿಲ್ಲ. ಸಂಜೆ ಅವನೂ ಮಾಲವಿಕಾಳೂ ಸ್ಟುಡಿಯೋಕ್ಕೆ ಹೋಗಿ ಎರಡು ಪ್ರಿಂಟ್ ಹಾಕಿಸಿಕೊಂಡು ಬಂದರು.

ಸೋಮವಾರ ಕ್ಲಾಸಿನ ಗೋಡೆಯ ತುಂಬ ಕೂಸುಗಳು. ಅಳುವವು, ಮಲಗಿದವು, ಬೆರಳು ಚೀಪುವವು. ಮಾಲವಿಕಾಳ ಫೋಟೋ ನೋಡಿ ಹುಡುಗಿಯರೆಲ್ಲ ಮುತ್ತಿಕೊಂಡಿದ್ದರು.

"ಒತ್ತಾಗಿ ಅಂಟಿಸು, ಜಾಗ ಸಾಲೋದಿಲ್ಲ," ಎಂದು ಟೀಚರ್ ಹಿಂದಿಯಲ್ಲಿ ಹೇಳಿದರು.

"ಟೀಚರ್, ಇದರ ಪಕ್ಕ ಸ್ವಲ್ಪ ಜಾಗ ಬೇಕು," ಎಂದ ನಿಖಿಲ.

ಟೀಚರ್ ಅವನ ಮುಖ ನೋಡಿ, ಆಯಿತು ಎಂದರು. ಅವನು ಎಡಗಡೆ ಖಾಲಿ ಬಿಟ್ಟು ಫೋಟೋ ಅಂಟಿಸಿದ. ಅದರಲ್ಲಿ ಗೋಡೆಗೆ ಒರಗಿದ ಮಮ್ಮಿ, ಟೋಪಿ ಹಿಡಿದ ಅಜ್ಜ, ಕೂಸನ್ನು ಎತ್ತಿಕೊಂಡ ಅಜ್ಜಿ ಮೂವರೂ ಸಾಲಾಗಿ ನಿಂತಿದ್ದರು.

ಪಕ್ಕದ ಬೆಂಚಿನ ಭುಜಂಗ ಬಗ್ಗಿ ನೋಡಿದ. "ಈ ಕೂಸು ನೀನಾ?" ಎಂದು ಮರಾಠಿಯಲ್ಲಿ ಕೇಳಿದ.

"ಅಲ್ಲ, ಅದು ಮಾಲವಿಕಾ."

"ಮತ್ತೆ ನಿನ್ನ ಫೋಟೋ ಅಂದೆಯಲ್ಲ. ಇದರಲ್ಲಿ ನೀನೆಲ್ಲಿ?"

ನಿಖಿಲ ಮಮ್ಮಿಯ ಕಣ್ಣಿನ ಮೇಲೆ ಬೆರಳಿಟ್ಟ. ಅವಳು ನೋಡುತ್ತಿದ್ದ ಕಡೆಗೇ ಬೆರಳನ್ನು ನಿಧಾನ ಸರಿಸಿದ. ಬೆರಳು ಫೋಟೋದ ಅಂಚು ದಾಟಿ ಖಾಲಿ ಚಾರ್ಟಿನ ಮೇಲೆ ಬಂದು ನಿಂತಿತು.

"ಇಲ್ಲಿ," ಎಂದ.